ಎರಡೂ ಅಂಚಿಗೆ ಕೆಂಪು

ಹೊಳ್ಳಿಸಿ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಹೆಡ್‌ಫೋನಿನ ಎಡಗಿವಿಯ ಡಬ್ಬಿಯನ್ನು ಬಲಕ್ಕೆ, ಬಲಗಿವಿಯದನ್ನು ಎಡಕ್ಕೆ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಡ. ಕೆಟ್ಟದ್ದು ಹೆಡ್‌ಫೋನೋ ಕಿವಿಯೋ ಎಂಬುದು ಆಗಲೇ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಕೃಷ್ಣಾಜಿ ನಾಲ್ಕು ತಿಂಗಳಿಂದ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ್ದ. ಡಬ್ಬಿಗಳನ್ನು ಬಿಚ್ಚಿ ಒಳಗಿನ ತಗಡಿನ ಬಿಲ್ಲೆ ಒರೆಸಿದ್ದ, ನಾಲ್ಕು ಸಲ ಹಳೆಯ ವಾಯರು ಕಿತ್ತು ನಾಲ್ಕು ಸಲ ಹೊಸದು ಹಾಕಿದ್ದ. ಈಗ ಐದನೆಯ ಸಲದ್ದನ್ನು ತರಲಿಕ್ಕೆಂದು ರವಿವಾರ ಬೆಳಿಗ್ಗೆ ಜಮಖಂಡಿಯಿಂದ ಬನಹಟ್ಟಿಗೆ ಹೊರಟ ಸರ್ವಿಸ್ ಮೋಟಾರಿನಲ್ಲಿ, ಕೋಟಿನ ಕಿಸೆಯಲ್ಲಿ ಬ್ಯಾಟರಿಯ ಒಂದು ಸೆಲ್ಲು ಇಟ್ಟುಕೊಂಡು ಕುಳಿತಿದ್ದ. ನಾಳೆ ಸೋಮವಾರ ವಿಜಾಪುರದ ಸರಕಾರಿ ದವಾಖಾನೆಯಲ್ಲಿ ಅವನ ದೇಹಪರೀಕ್ಷೆ. ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರಿ ಮೂರು ವರ್ಷವಾದ ಮೇಲೆ ಸರಕಾರಕ್ಕೆ ಒಮ್ಮೆಲೇ ಸಂಸ್ಥಾನದ ಕಾರಕೂನರ ಕಣ್ಣು, ಕಿವಿ, ಹಲ್ಲುಗಳ ನೆನಪಾಗಿತ್ತು. ಎಲ್ಲ ನೆಟ್ಟಗಿದ್ದವರು ಕಾಯಂ, ಇಲ್ಲದವರು ಮನೆಗೆ. ಕಚೇರಿಯಲ್ಲಿ ಬರೆಯುವ ಕಾರಕೂನ ಕೃಷ್ಣಾಜಿಗೆ ವಯಸ್ಸು ನಾಲ್ವತ್ತನಾಲ್ಕು. ಹಲ್ಲು ಗಟ್ಟಿಯಿದ್ದವು, ಕಣ್ಣು ಚುರುಕಾಗಿದ್ದವು. ಕಿವಿಯ ಮಾತು ಬಂದಾಗ ಮಾತ್ರ ಅವನ ಮನಸ್ಸು ತಾನಾಗಿಯೇ ವಾಯರಿನ ಕಡೆಗೆ ಹೊರಳುತ್ತಿತ್ತು.

ಮೋಟಾರಿನಲ್ಲಿ ಅವನ ಎಡಕ್ಕೆ ಒಬ್ಬ ಮುದುಕಿ ಕುಳಿತಿದ್ದಳು. ಅವಳು ಏನೋ ಕೇಳಿದಳು. ಎಡಗಡೆಯಿಂದ ಬಂದ ಮಾತಿಗೆ ಕೃಷ್ಣಾಜಿಯ ಬಳಿ ಒಂದು ಸಿದ್ಧ ಉತ್ತರವಿತ್ತು. "ಹೂಂ," ಅಂದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಲಗಡೆಯ ಬಾಕಿನ ಮೇಲೆ ತಲೆಗೆ ಪಟಗ ಸುತ್ತಿಕೊಂಡು ಕುಳಿತಿದ್ದವನು ಈ ಕಡೆ ಬಾಗಿ, "ಯಾರ್‍ರಿ ತೀರಿಕೊಂಡವರು?" ಎಂದ. ಅದು ಸ್ವಚ್ಛ ಕೇಳಿಸಿತು. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೇನು, ಮುಖ ಹೀಗೇಕೆ ಎಂದು ಮುದುಕಿ ಕೇಳಿದ್ದಳೆಂಬುದೂ, ತಾನು ಹೌದೆಂದು ಒಪ್ಪಿಕೊಂಡದ್ದೂ ಅವನಿಗೆ ಆಗ ತಿಳಿಯಿತು. ಇಲ್ಲ ಅನ್ನಬಹುದಾಗಿತ್ತು. ಹಾಗಂದಿದ್ದರೆ, ಮತ್ತೆ ಹೂಂ ಯಾಕೆ ಅಂದಿರಿ ಎಂದು ಕೇಳುತ್ತಿದ್ದರು. "ದೂರದವರು," ಅಂದ. "ದೂರದವರಾದ್ರೇನ್ರಿ, ರಗತ ರಗತನ," ಎಂದು ಪಟಗದವನು ನಿಟ್ಟುಸಿರು ಬಿಟ್ಟ. ಹಿಂದಿನ ಬಾಕಿನಿಂದಲೂ ಒಬ್ಬರು ಚ್ಚು ಚ್ಚು ಅಂದರು. ಇಲ್ಲದ ಹೆಣಕ್ಕೆ ಇಡೀ ಮೋಟಾರು ಮರುಗಿತು. ಕೃಷ್ಣಾಜಿ ತಲೆ ತಗ್ಗಿಸಿ ಕುಳಿತ. ಹಾಗೆ ಕುಳಿತದ್ದರಿಂದ ದುಃಖ ಇನ್ನೂ ಖರೆ ಅನ್ನಿಸಿರಬೇಕು. ಮುದುಕಿ ಅವನ ಬೆನ್ನ ಮೇಲೆ ಕೈಯಾಡಿಸಿದಳು.

ಇದ್ದವನನ್ನು ಸಾಯಿಸುವುದು ಅವನಿಗೆ ಹೊಸದಲ್ಲ. ಕಚೇರಿಯ ಕಾಗದಗಳಲ್ಲಿ ಬದುಕಿದವನಿಗೆ ಹಯಾತ ಎನ್ನುತ್ತಾರೆ, ಸತ್ತವನಿಗೆ ಮಯತ. ಶ್ರಾವಣದಲ್ಲಿ ಹೊಲಮನೆಗಳ ವಾರಸುದಾರರನ್ನು ಬರೆದಿಡುವ ವಾರಸಾ ರಜಿಸ್ಟರು ಹೊಸದಾಗಿ ಬರೆಯುವಾಗ ಕಚೇರಿಯ ಹಿರಿಯ, ಅವ್ವಲ ಕಾರಕೂನ ಬಾಳಾಸಾಹೇಬರು ಎಡಕ್ಕೆ ಕುಳಿತು ಓದುತ್ತಿದ್ದರು, ಕೃಷ್ಣಾಜಿ ಬರೆಯುತ್ತಿದ್ದ. ಮಾಡಿನ ಸಂದಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಗಿರಮಲ್ಲಪ್ಪ, ವಯಸ್ಸು ಅರವತ್ತು, ಎಂದಾದ ಮೇಲೆ ಬಾಳಾಸಾಹೇಬರು ಹಯಾತ ಅಂದರು, ಇವನು ದುಂಡಗೆ ಮಯತ ಎಂದು ಬರೆದ. ಅವನ ಅಕ್ಷರ ಸಂಸ್ಥಾನದ ಕಾಲದಿಂದಲೂ ಹೆಸರಾದದ್ದು. ಆ ಮಯತವೂ ಚಂದವಾಗಿಯೇ ಬಂದಿತ್ತು. ಒಂದು ತಿಂಗಳ ನಂತರ ಹೊಳೆಸಾಲಿನ ಹಳ್ಳಿಯಿಂದ ಗಿರಮಲ್ಲಪ್ಪನೇ ಕಚೇರಿಗೆ ಬಂದು ಕಟ್ಟೆಯ ಕೆಳಗೆ ನಿಂತು, "ನಾ ಇದ್ದೇನ್ರಿ ಸಾಹೇಬ್ರ," ಎಂದ. ಇದ್ದಾನೆಂದು ಕಣ್ಣಿಗೆ ಕಂಡರೆ ಸಾಲದು, ಕಾಗದಕ್ಕೆ ಕಾಣಬೇಕಲ್ಲ. ಗಿರಮಲ್ಲಪ್ಪ ಊರಿಗೆ ಹೋಗಿ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆತಂದ. ಅವರು ಈತ ಗಿರಮಲ್ಲಪ್ಪನೇ, ಉಸಿರಾಡುತ್ತಿದ್ದಾನೆ, ಎಂದು ಹೆಬ್ಬೆಟ್ಟು ಒತ್ತಿದರು. ಅವರ ಆ ಹೇಳಿಕೆ, ಜಬಾಬು, ಬರೆದುಕೊಂಡವನೂ ಕೃಷ್ಣಾಜಿಯೇ. ಬರೆದು ಮುಗಿದಾಗ ಗಿರಮಲ್ಲಪ್ಪ ಅವನ ಕಾಲು ಮುಟ್ಟಲು ಬಾಗಿದ. "ನನ್ನ ಹೊಳ್ಳಿ ಬದುಕಿಸಿದ್ರಿ, ದೇವ್ರ ಆದ್ರಿ," ಎಂದ. ಬೈದಿದ್ದರೆ, ಮಗನೇ ನಿನ್ನ ಕಿವಿಗೇನಾಗಿತ್ತು ಎಂದು ಕೇಳಿದ್ದರೆ, ಬಹುಶಃ ಅವತ್ತೇ ಎಲ್ಲ ಮುಗಿಯುತ್ತಿತ್ತು. ಬಾಳಾಸಾಹೇಬರು ಮೂಗಿನ ಮೇಲಿನ ಚಾಳೀಸು ತೆಗೆದು, "ನಾನೇ ತಪ್ಪು ಓದಿರಬೇಕು ಬಿಡ್ರಿ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಅಕ್ಷರದ ಕಾನಾ ಮಾತ್ರೆಯನ್ನೂ ತಪ್ಪು ಓದಿದವರಲ್ಲ. ಕೃಷ್ಣಾಜಿ ಪಾರಿವಾಳಗಳ ಕಡೆ ನೋಡಿದ. ಆ ಸಂಜೆ ಮನೆಗೆ ಬಂದು ಹೆಡ್‌ಫೋನಿನ ಎಡಡಬ್ಬಿಯನ್ನು ಬಿಚ್ಚಿದ. ಅದೇ ಮೊದಲನೆಯ ಸಲ.

ಆ ಹೆಡ್‌ಫೋನು ಯುದ್ಧ ಮುಗಿದ ಮೇಲೆ ಮಿರಜಿನ ಹಳೇ ಬಜಾರಿನಲ್ಲಿ ತುಕ್ಕು ಹಿಡಿದ ಬಕಲುಗಳ, ನೀರಿನ ಬಾಟಲಿಗಳ ನಡುವೆ ಬಿದ್ದಿದ್ದಾಗ ಅವನು ಕೊಂಡು ತಂದದ್ದು. ತಲೆಯ ಮೇಲೆ ಬರುವ ಉಕ್ಕಿನ ಪಟ್ಟಿ, ಅದರ ಎರಡು ತುದಿಗೆ ಎರಡು ಡಬ್ಬಿ. ಯಾವ ಗೋರಾ ಸಿಪಾಯಿ ಎಲ್ಲಿ ಕುಳಿತು ಏನು ಕೇಳಿದ್ದನೋ. ಹೋದ ವರ್ಷ ಧಾರವಾಡದಲ್ಲಿ ರೇಡಿಯೋ ಸ್ಟೇಷನ್ನು ಆದ ಮೇಲೆ ಕೃಷ್ಣಾಜಿ ಪುಸ್ತಕ ನೋಡಿ, ಒಂದೇ ವಾಲ್ವಿನ ರೇಡಿಯೋ ಕಟ್ಟಿ, ತುಳಸಿಕಟ್ಟೆಯಿಂದ ಬೇವಿನ ಗಿಡಕ್ಕೆ ತಂತಿ ಎಳೆದು, ಈ ಹೆಡ್‌ಫೋನು ಹಾಕಿಕೊಂಡು ಕುಳಿತ. ಧಾರವಾಡ ಮಾತಾಡಿತು. ನಡುಮನೆಯಲ್ಲಿ ಯಾರಿಗೂ ಏನೂ ಕೇಳಿಸದೆ, ತನ್ನ ತಲೆಯ ನಟ್ಟ ನಡುವೆ ಮಾತ್ರ ಒಬ್ಬ ಗಾಯಕಿ ಕೂತು ಹಾಡಿದ್ದು ಅವನಿಗೆ ದೊಡ್ಡ ಸುಖ ಅನ್ನಿಸಿತು. ಹೆಂಡತಿಗೂ ಹೇಳದಂಥ ಸುಖ. ಓಣಿಯವರು ಅದನ್ನು ಕಿವಿಡಬ್ಬಿ ಎಂದು ಕರೆದರು, ಅವನಿಗೆ ಡಬ್ಬಿ ಮಾಸ್ತರ ಎಂದು ಹೆಸರಿಟ್ಟರು. ಆಮೇಲೆ ಯಾವಾಗಲೋ, ಯಾವ ದಿನವೆಂದು ಅವನಿಗೆ ಹೇಳಲಾಗದು, ತಲೆಯ ನಡುವೆ ಕೂತು ಹಾಡುತ್ತಿದ್ದ ಗಾಯಕಿ ತುಸು ತುಸುವೇ ಬಲಕ್ಕೆ ಸರಿಯತೊಡಗಿದಳು. ದೀಪಾವಳಿ ಹೊತ್ತಿಗೆ ಪೂರ್ತಿ ಬಲಗಿವಿಯಲ್ಲೇ ಹೋಗಿ ಕುಳಿತುಬಿಟ್ಟಳು.

ಎಡಡಬ್ಬಿಯ ವಾಯರಿನ ಹೊದಿಕೆಯಲ್ಲಿ ಒಂದು ಕೆಂಪು ಎಳೆ ಇತ್ತು, ಗುರುತಿಗೆಂದು. ಆ ಕೆಂಪು ಎಳೆಯ ಮೇಲೆ ಕೃಷ್ಣಾಜಿಯ ಇಡೀ ಸಮಾಧಾನ ನಿಂತಿತ್ತು. ಕೆಂಪು ಇದ್ದದ್ದು ಎಡದ್ದು, ಎಡದ್ದು ಕೆಟ್ಟದ್ದು, ಕೆಟ್ಟದ್ದನ್ನು ರಿಪೇರಿ ಮಾಡಬೇಕು. ಮೊದಲು ಹಳೆಯ ಕರೆಗಂಟೆಯ ತಂತಿ ಹಾಕಿದ. ಆಮೇಲೆ ಸೈಕಲ್ ದೀಪದ ತಂತಿ. ಒಂದೊಂದು ಸಲವೂ ಆ ಕೆಂಪು ಎಳೆಯನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಸುತ್ತುತ್ತಿದ್ದ. ಕೇಳುವುದು ಸುಧಾರಿಸಲಿಲ್ಲ, ಆದರೆ ಹೆಡ್‌ಫೋನು ಚಂದವಾಗುತ್ತ ಹೋಯಿತು. ಡಬ್ಬಿಗಳಿಗೆ ಕಪ್ಪು ಬಣ್ಣ ಬಳಿದ; ಒಳಗಡೆ ಎಡ ಬಲದ ಗುರುತಿಗೆ ಗೀಚಿದ್ದ ಇಂಗ್ರಜಿ ಅಕ್ಷರಗಳು ಅದರಲ್ಲಿ ಮುಚ್ಚಿಹೋದವು. ಹೆಂಡತಿ ವತ್ಸಲಾಬಾಯಿಗೆ ಅವಳ ಅಕ್ಕ ಉಡಿ ತುಂಬಿದ್ದ ಗುಳೇದಗುಡ್ಡದ ಖಣ ಬೇಡಿಕೊಂಡು, ಅದರೊಳಗೆ ಅರಳೆ ತುಂಬಿ ಕಿವಿಗೆ ಮೆತ್ತೆ ಮಾಡಿದ. "ನನ್ನ ಕುಪ್ಪಸಕ್ಕಿಂತ ನಿಮ್ಮ ಕಿವಿ ಹೆಚ್ಚಾತು," ಎಂದು ಅವಳು ನಕ್ಕಿದ್ದಳು. ನಕ್ಕು, ತಾಟು ತಂದು ಅವನ ಬಲಕ್ಕೆ ಕುಳಿತು ಅಕ್ಕಿ ಆರಿಸತೊಡಗಿದಳು. ಮದುವೆಯಾದಾಗಿನಿಂದ ಅವಳು ಕೂಡುತ್ತಿದ್ದದ್ದು ಎಡಕ್ಕೆ, ದೇವರ ಕೋಣೆಯ ಗೋಡೆಗೆ ಆತು. ಈಚೆಗೆ ಯಾಕೆ ಬಲಕ್ಕೆ ಬಂದಳು ಎಂದು ಕೃಷ್ಣಾಜಿ ಒಮ್ಮೆ ಯೋಚಿಸಿದ್ದ. ಒಲೆ ಹತ್ತಿರ ಆಗುತ್ತದೆಂದು ಇರಬೇಕು ಅಂದುಕೊಂಡು ಬಿಟ್ಟ.

ಐದನೆಯ ಸಲದ್ದು ದೊಡ್ಡ ಶೋಧ. ಮೂಲ ವಾಯರಿನ ಒಂದು ತುಂಡನ್ನು ಅವನು ಬನಹಟ್ಟಿಯ ನೇಕಾರ ರಾಮಲಿಂಗಪ್ಪನಿಗೆ ತೋರಿಸಿದಾಗ ಆತ ಅದನ್ನು ಉಗುರಿನಿಂದ ಬಿಡಿಸಿ ನೋಡಿ, "ಇದು ನಮ್ಮ ಜರಿ ಐತೆಲ್ರಿ," ಎಂದಿದ್ದ. ಹೌದಾಗಿತ್ತು. ನೂಲಿನ ಎಳೆಯ ಸುತ್ತ ತಾಮ್ರದ ತೆಳು ತಗಡು ಸುತ್ತಿದ್ದರು, ಎಷ್ಟು ಹೊಳ್ಳಾಡಿಸಿದರೂ ಮುರಿಯಬಾರದೆಂದು. ಸೀರೆಯ ಸೆರಗಿನಲ್ಲಿ ಹೆಂಗಸರು ಹೊದ್ದು ತಿರುಗುವುದನ್ನೇ ಸರಕಾರ ಸಿಪಾಯಿಗಳ ಕಿವಿಗೆ ಕಟ್ಟಿತ್ತು. ಕೃಷ್ಣಾಜಿಗೆ ಆ ವಾರವೆಲ್ಲ ನಿದ್ದೆಯಲ್ಲೂ ಖುಷಿ. ಬೆಳ್ಳಿಯ ಜರಿ ಹಾಕಿದರೆ ಎಡಡಬ್ಬಿ ಮಾತಾಡದೆ ಎಲ್ಲಿಗೆ ಹೋದೀತು? ಜರಿಗೆ ಮೇಣ ಹಚ್ಚಿದ ನೂಲು ಸುತ್ತಿ, ಮೇಲೆ ಹೆಣೆಯಬೇಕು. ಹೆಣಿಕೆಗೆ ರಾಮಲಿಂಗಪ್ಪನ ಹೆಂಡತಿ ತಂಗೆವ್ವ ಇದ್ದಳು. ಉಡದಾರ, ಗೊಂಡೆ ಹೆಣೆಯುವುದರಲ್ಲಿ ಅವಳ ಕೈ ಮೀರಿಸುವವರಿಲ್ಲ. "ಕಿವಿಗಿ ಉಡದಾರ ಕಟ್ಟತೀರೇನ್ರಿ?" ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಅವನು ನಗಲಿಲ್ಲ. ಇಡೀ ಹೆಡ್‌ಫೋನನ್ನೇ ಅವಳ ಕೈಗೆ ಕೊಟ್ಟು, ಎರಡು ಸಲ ಹೇಳಿದ: ಹಳೇದು ತೆಗೆದು ಇದರ ಹಾಂಗೇ ಹೊಸದು ಕಟ್ಟಬೇಕು, ಇಲ್ಲಿ ಕೆಂಪು ಇದೆ ನೋಡು, ಈ ಕೆಂಪು ಮರೆಯಬೇಡ. "ಮರೀತೇನೇನ್ರಿ," ಎಂದಿದ್ದಳು.

ಮರೆತಿರಲಿಲ್ಲ. ಬನಹಟ್ಟಿಯ ಅವರ ಮನೆಯ ಪಡಸಾಲೆಯಲ್ಲಿ ಮೂರು ಮಗ್ಗ ಒಮ್ಮೆಲೇ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ಕೃಷ್ಣಾಜಿಗೆ ಯಾವಾಗಲೂ ಹಾಯೆನಿಸುತ್ತಿತ್ತು. ಇಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಎಲ್ಲರೂ ಒದರುತ್ತಾರೆ, ಎಲ್ಲರೂ ಏನು ಏನು ಅನ್ನುತ್ತಾರೆ. ತಂಗೆವ್ವ ಒಳಗಿನಿಂದ ಹೆಡ್‌ಫೋನನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು, ಬೀಗರಿಗೆ ಆಯಾರದ ಉಡುಗೊರೆ ತರುವ ಹಾಗೆ. ಬಿಳಿ ನೂಲಿನ ಹೆಣಿಕೆ ಹಾವಿನ ಮೈಯಷ್ಟು ನುಣುಪಾಗಿತ್ತು. ಪ್ಲಗ್ಗಿನ ಹತ್ತಿರ ಎರಡು ದಾರ ಕೂಡುವಲ್ಲಿ ಒಂದು ಸಣ್ಣ ಗೊಂಡೆಯನ್ನೂ ಕಟ್ಟಿದ್ದಳು, ಕೇಳದೆಯೇ. ಕೃಷ್ಣಾಜಿ ಕೆಂಪು ಎಳೆಗಾಗಿ ನೋಡಿದ. ಸಿಕ್ಕಿತು. ಇನ್ನೊಂದು ದಾರ ನೋಡಿದ. ಅದರಲ್ಲೂ ಕೆಂಪು ಎಳೆ ಇತ್ತು.

"ಎರಡಕ್ಕೂ ಕೆಂಪು ಹಾಕೀದಿ?" ಎಂದ.

"ಹೌದ್ರಿ. ನೀವು ಕೊಟ್ಟದ್ರಾಗ ಒಂದಕ್ಕ ಇತ್ತು, ಒಂದಕ್ಕ ಇರಲಿಲ್ಲ. ಯಾವನೋ ತಿಳಗೇಡಿ ಹೆಣದಾನ ಅಂತ ನಾನ ಸರಿ ಮಾಡೇನಿ. ಒಂದಂಚಿಗಿ ಕೆಂಪು, ಒಂದಂಚಿಗಿ ಬಿಳಿ ಹಾಕಿದ್ರ ಆ ಸೀರಿ ಯಾರ ಉಡತಾರ್‍ರಿ?"

"ಹಂಗಾದ್ರ ಎಡದ್ದು ಯಾವುದು?"

ತಂಗೆವ್ವ ಡಬ್ಬಿಗಳನ್ನು ನೋಡಿದಳು. ಎರಡೂ ಕಪ್ಪು, ಎರಡಕ್ಕೂ ಖಣದ ಮೆತ್ತೆ, ಎರಡಕ್ಕೂ ಕೆಂಪು ಎಳೆಯ ದಾರ. "ಎಡಾ ಬಲಾ ಚಪ್ಪಲಿಗಿ ಇರತಾವ್ರಿ. ಇವು ಎರಡೂ ಒಂದ ಅಲ್ಲೇನು?" ಎಂದಳು.

ಕೃಷ್ಣಾಜಿ ಎರಡೂ ದಾರಗಳನ್ನು ಮತ್ತೊಮ್ಮೆ ತಿರುವಿ ನೋಡಿದ. ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಒಂದು ನೂಲಿನ ಎಳೆಗಾಗಿ ನಾಲ್ವತ್ತನಾಲ್ಕು ವಯಸ್ಸಿನ ಕಾರಕೂನ ನೇಕಾರರ ಪಡಸಾಲೆಯಲ್ಲಿ ಅಳುವುದು ಚಂದ ಕಾಣುವುದಿಲ್ಲ. ಚೀಲಕ್ಕೆ ಹಾಕಿಕೊಂಡು ಹೊರಟುಬಿಡಬಹುದಾಗಿತ್ತು. ಆದರೆ ಮಗ್ಗಗಳು ನಿಂತಿದ್ದವು. ಡಬ್ಬಿ ಹೇಗೆ ಮಾತಾಡುತ್ತದೆಂದು ನೋಡಲು ರಾಮಲಿಂಗಪ್ಪ ಮಗ್ಗದ ಕುಣಿಯಿಂದ ಎದ್ದು ಬಂದಿದ್ದ, ಅವನ ಹಿಂದೆ ಇನ್ನಿಬ್ಬರು. ಕೃಷ್ಣಾಜಿ ಕಿಸೆಯಿಂದ ಸೆಲ್ಲು ತೆಗೆದು ತಂಗೆವ್ವನಿಗೆ ಕೊಟ್ಟ. ಪ್ಲಗ್ಗಿನ ಎರಡು ಹಿತ್ತಾಳೆಯ ಮೊಳೆಗಳಿಗೆ ಅದನ್ನು ಮುಟ್ಟಿಸಿದಾಗೆಲ್ಲ ಎರಡೂ ಡಬ್ಬಿ ಟಕ್ ಅನ್ನಬೇಕು. ಹೆಡ್‌ಫೋನು ಹಾಕಿಕೊಂಡ. ಅವಳು ಮುಟ್ಟಿಸಿದಳು. ಬಲಗಿವಿಯಲ್ಲಿ ಟಕ್. ಎಡಗಿವಿಯಲ್ಲಿ ಪಕ್ಕದ ಮನೆಯವರು ಏನೋ ಇಟ್ಟ ಹಾಗೆ ಆಯಿತು, ಅಷ್ಟೇ. ಆ ಕ್ಷಣ ಅವನಿಗೆ ಆದದ್ದು ಸಂತೋಷ. ಹಾಂ, ಇದೇ ಎಡದ್ದು, ಸಿಕ್ಕಿತು, ಇನ್ನು ಇದಕ್ಕೊಂದು ಗುರುತು ಮಾಡಿಕೊಂಡರೆ ಆಯಿತು ಎಂದು ಡಬ್ಬಿಯನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಹೆಂಗೈತ್ರಿ?"

"ಜರಿ ಛಲೋ ಅದ. ಡಬ್ಬಿ ಮಾತ್ರ... ಎಡಗಡೆ ಡಬ್ಬಿ ಸ್ವಲ್ಪ ಕೆಟ್ಟದ."

"ಹೊಳ್ಳಿಸಿ ಹಾಕ್ಕೊಂಡ ನೋಡ್ರಿ ಮತ್ತ," ಎಂದಳು ತಂಗೆವ್ವ. ಅವನು ಬೇಡ, ಅದರಿಂದ ಬಿಲ್ಲೆ ಸಡಿಲಾಗುತ್ತದೆ, ಎಂದು ಏನೋ ಹೇಳುವುದರೊಳಗೆ ಅವಳು ಎರಡೂ ಕೈ ಚಾಚಿ, ಕೂಸಿನ ಕುಲಾಯಿ ತೆಗೆದು ಹಾಕಿದಷ್ಟು ಸಲೀಸಾಗಿ ಹೆಡ್‌ಫೋನು ತೆಗೆದು, ತಿರುಗಿಸಿ, ಅವನ ತಲೆಗೆ ಸಿಕ್ಕಿಸಿಬಿಟ್ಟಳು. ನಾಲ್ಕು ತಿಂಗಳು ಅವನು ಮಾಡದೆ ಉಳಿಸಿಕೊಂಡು ಬಂದದ್ದು ಮುಗಿದುಹೋಯಿತು. ಸೆಲ್ಲು ಮುಟ್ಟಿಸಿದಳು. ಬಲಗಿವಿಯಲ್ಲಿ ಟಕ್. ಎಡಗಿವಿಯಲ್ಲಿ ಪಕ್ಕದ ಮನೆಯವರು ಏನೋ ಇಟ್ಟರು.

ಅವನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಹೆಡ್‌ಫೋನನ್ನು ತೆಗೆದು ತಾನೇ ಹಾಕಿಕೊಂಡಳು. ತುರುಬು ಅಡ್ಡ ಬಂತೆಂದು ಪಟ್ಟಿಯನ್ನು ಹಣೆಯ ಮೇಲೆ ಸರಿಸಿಕೊಂಡಳು. ತಾನೇ ಸೆಲ್ಲು ಮುಟ್ಟಿಸಿ, ಟಕ್ ಟಕ್ ಎಂದು ನಾಲ್ಕಾರು ಸಲ ಕೇಳಿ, "ಎರಡೂ ಒಂದ ಸಮ ಅಂತಾವ," ಎಂದಳು. ಆಮೇಲೆ ಎದ್ದು, ಅವನ ಎದುರಿನಿಂದ ಸುತ್ತು ಬಳಸಿ ಬಂದು, ಅವನ ಬಲಕ್ಕೆ ಕುಕ್ಕರುಗಾಲಿನಲ್ಲಿ ಕುಳಿತಳು. ಹಾಗೆ ಬಂದು ಕುಳಿತದ್ದನ್ನು ನೋಡಿದ ಕೃಷ್ಣಾಜಿಗೆ ವತ್ಸಲಾಬಾಯಿಯ ಅಕ್ಕಿಯ ತಾಟು ನೆನಪಾಯಿತು.

"ಡಬ್ಬಿ ಛಲೋ ಅದಾವ್ರಿ ರಾಯರ. ಕಿವಿ ಹೋಗೇತಿ," ಎಂದಳು. "ನಮ್ಮ ಮನಿಯವರಿಗೂ ಹಿಂಗ, ಮಗ್ಗದ ಸಪ್ಪಳಕ್ಕ ಹೋಗೇತಿ. ಈ ಕಡಿ ಕುಂತು ಮಾತಾಡಿದ್ರಾತು. ಅದಕ್ಯಾಕ ಮಾರಿ ಹಿಂಗ ಮಾಡತೀರಿ?"

ರಾಮಲಿಂಗಪ್ಪ ತನ್ನ ಕೆಟ್ಟ ಕಿವಿಯನ್ನು ಬೆರಳಿನಿಂದ ತೋರಿಸಿ, ಹೊಸದಾಗಿ ಬಳಗ ಸಿಕ್ಕವನ ಹಾಗೆ ನಕ್ಕ. ಕೃಷ್ಣಾಜಿಗೆ ಅವನ ಆ ನಗೆ ಸಹಿಸಲಾಗಲಿಲ್ಲ. ಇವರ ಕಿವಿ ಹೋದರೆ ಮಗ್ಗ ನಡೆಯುತ್ತದೆ, ಇವರನ್ನು ಯಾವ ಡಾಕ್ಟರೂ ವಿಜಾಪುರಕ್ಕೆ ಕರೆಯುವುದಿಲ್ಲ, ಇವರು ಯಾರನ್ನೂ ಮಯತ ಎಂದು ಬರೆಯುವುದಿಲ್ಲ. ಚಹಾ ಕುಡಿದು ಹೋಗಿರಿ ಅಂದರೂ ನಿಲ್ಲದೆ ಎದ್ದ. ಹೊಸ್ತಿಲು ದಾಟುವಾಗ ತಂಗೆವ್ವ ಹಿಂದಿನಿಂದ ಇನ್ನೇನೋ ಅಂದಳು. ಅದು ಎಡಕ್ಕೆ ಬಿತ್ತು. "ಹೂಂ," ಎಂದು ನಡೆದ.

ಹೊಳ್ಳಿ ಬರುವ ಮೋಟಾರಿನಲ್ಲಿ ಎಡಕ್ಕೆ ಕಿಡಕಿ ಬರುವಂಥ ಜಾಗ ಹುಡುಕಿ ಕುಳಿತ. ಹೊರಗೆ ಬಿಳಿಜೋಳ ಆಳೆತ್ತರ ನಿಂತಿತ್ತು. ಈಗ ಒಂದೊಂದಾಗಿ ಎಲ್ಲರೂ ನೆನಪಾಗತೊಡಗಿದರು, ಎಲ್ಲರೂ ಬಲಗಡೆಯಿಂದಲೇ ಬಂದರು. ಕಚೇರಿಯ ಪಟ್ಟೇವಾಲ ಪರಸಪ್ಪ ಮೊದಲೆಲ್ಲ ಕಾಗದಗಳನ್ನು ಬಾಗಿಲಿನಿಂದ ನೆಟ್ಟಗೆ ತಂದು ಎಡಕ್ಕೆ ಇಡುತ್ತಿದ್ದ. ಈಗ ಮೇಜು ಸುತ್ತಿ ಬಲಕ್ಕೆ ಬಂದು ಇಡುತ್ತಾನೆ. ಮುದುಕನಿಗೆ ಮೊಣಕಾಲು ನೋವು, ಆದರೂ ಸುತ್ತಿ ಬರುತ್ತಾನೆ. ಶುಕ್ರವಾರ ಹಾಗೆಯೇ ಬಂದು ಬಾಗಿ, "ಡಾಕ್ಟರ ಗಡಿಯಾರ ಹಿಡೀತಾರಂತ್ರಿ, ಮದಲ ಒಂದ ಕಿವಿಗಿ, ಆಮ್ಯಾಲೆ ಇನ್ನೊಂದಕ್ಕ. ಎರಡೂ ಸಲ ಹೂಂ ಅಂದ್ಬಿಡ್ರಿ. ಎಲ್ಲಾರೂ ಹಂಗ ಮಾಡ್ಯಾರ," ಎಂದಿದ್ದ. ಅವನು ತನಗೇ ಯಾಕೆ ಹೇಳಿದ? ಬಾಳಾಸಾಹೇಬರು ಈಗ ಎದುರಿಗೆ ಕುಳಿತು, ಸಣ್ಣ ಸಾಲಿಯ ಮಾಸ್ತರರ ಹಾಗೆ ಒಂದೊಂದು ಅಕ್ಷರ ಬಿಡಿಸಿ ಓದುತ್ತಾರೆ. ವಯಸ್ಸಾಯಿತು, ನಿಧಾನವಾಗಿದ್ದಾರೆ ಎಂದು ಕೃಷ್ಣಾಜಿ ಅವರ ಬಗ್ಗೆ ಮರುಕಪಟ್ಟಿದ್ದ! ಛೀ, ಎಂದು ಗಟ್ಟಿಯಾಗಿಯೇ ಅಂದ. ಕಂಡಕ್ಟರು ತಿರುಗಿ ನೋಡಿದ. ಗುಟ್ಟು ಕಾಯ್ದುಕೊಂಡಿದ್ದೇನೆ ಎಂದು ಇವನು ತಿಳಿದಿದ್ದ. ಆ ಗುಟ್ಟು ತಮಗೆ ಗೊತ್ತೆಂಬುದನ್ನು ಇವನಿಂದ ಮುಚ್ಚಿಟ್ಟು ಕಾಯ್ದವರು ಅವರು.

ಸಂಜೆ ವತ್ಸಲಾಬಾಯಿ ಹೊಸ ಹೆಣಿಕೆ ಮುಟ್ಟಿ ನೋಡಿ, ಗೊಂಡೆ ಕುಣಿಸಿ, "ಎಷ್ಟು ಛಂದ ಮಾಡ್ಯಾಳಲ್ರೀ," ಎಂದಳು. ಅವನು ಪಡಸಾಲೆಯ ಕಂಬಕ್ಕೆ ಆತು ಕುಳಿತಿದ್ದ. ಅವಳು ಬಂದು ಬಲಕ್ಕೆ ಕುಳಿತಳು.

"ಯಾವಾಗಿಂದ ಗೊತ್ತದ ನಿನಗ?" ಎಂದು ಕೇಳಿದ.

ಅವಳು ಏನು ಎಂದು ಕೇಳಲಿಲ್ಲ. ಗೊಂಡೆಯ ಎಳೆಗಳನ್ನು ಸರಿಮಾಡುತ್ತ, "ಪಂಚಮಿಗೆ ಜೋಕಾಲಿ ಕಟ್ಟಿದ್ರಲ್ಲ, ಆವಾಗಿಂದ. ಕರದ್ರ ಓ ಅನ್ಲಿಲ್ಲ ನೀವು. ಸಿಟ್ಟಿದ್ದೀರಿ ಅಂತ ಎರಡು ದಿನ ಮಾತು ಬಿಟ್ಟಿದ್ದೆ. ಮಾತು ಬಿಟ್ಟೀನಿ ಅಂತ ನಿಮಗ ಗೊತ್ತಾಗ್ಲೇ ಇಲ್ಲ," ಎಂದಳು.

"ಮತ್ತ ಹೇಳ್ಲಿಲ್ಲ ಯಾಕ?"

"ನೀವು ಡಬ್ಬಿ ರಿಪೇರಿ ಮಾಡ್ಲಿಕ್ಕೆ ಹತ್ತಿದ್ರಿ. ಎಷ್ಟು ಮನಸ್ಸಿಟ್ಟು ಮಾಡ್ತಿದ್ರಿ. ನಾ ಏನಂತ ಹೇಳ್ಲಿ?"

ಅವನಿಗೆ ಅವಳನ್ನು ಬೈಯಬೇಕೆನಿಸಿತು, ಅವಳ ಕೈ ಹಿಡಿಯಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ನಾಳೆ ಕಾಯಂ ಆಗದಿದ್ದರೆ ಏನು ಮಾಡುವುದು ಎಂದ. ಅವಳು, "ನಾನೂ ಬರ್ತೀನಿ ವಿಜಾಪುರಕ್ಕ. ಮಾವಶೀನ್ನ ನೋಡಿ ಭಾಳ ದಿನಾತು," ಎಂದಳು. ಮಾವಶಿ, ಅವಳ ತಾಯಿಯ ತಂಗಿ, ಹೋದ ತಿಂಗಳಷ್ಟೇ ಬಂದು ಹದಿನೈದು ದಿನ ಇದ್ದು ಹೋಗಿದ್ದಳು.

ದವಾಖಾನೆಯ ಕಟ್ಟೆಯ ಮೇಲೆ ಮೂವತ್ತು ನಾಲ್ವತ್ತು ಕಾರಕೂನರು ಕೋಟು ಮಡಚಿ ಕೈಮೇಲೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಮುಖದ ಮೇಲೂ ಎಲ್ಲ ನೆಟ್ಟಗಿದೆ ಎಂಬ ನಗೆ. ವತ್ಸಲಾಬಾಯಿ ಎದುರಿನ ಬೇವಿನ ಗಿಡದ ಬುಡದಲ್ಲಿ ಗಂಟು ಇಟ್ಟುಕೊಂಡು ಕುಳಿತಳು. ಕೃಷ್ಣಾಜಿ ಮನಸ್ಸಿನಲ್ಲಿ ಎರಡು ಸಲ ಹೂಂ ಹೇಳಿಕೊಂಡು ನೋಡಿದ. ಸುಲಭದ ಮಾತು. ತಿಂಗಳುಗಟ್ಟಲೆ ದಿನಕ್ಕೆ ನೂರು ಸಲ ಅಂದದ್ದೇ. ಅಂದರೆ ನೌಕರಿ ಉಳಿಯುತ್ತದೆ. ಉಳಿದ ಮೇಲೆ ಇನ್ನೂ ಹನ್ನೊಂದು ವರ್ಷ ರಜಿಸ್ಟರು ಬರೆಯುತ್ತಾನೆ. ಯಾವ ಹಳ್ಳಿಯ ಯಾವ ಗಿರಮಲ್ಲಪ್ಪನೋ ಕಟ್ಟೆಯ ಕೆಳಗೆ ಬಂದು ನಿಂತು, ನಾ ಇದ್ದೇನ್ರಿ ಎಂದು ಕೈ ಮುಗಿಯುತ್ತಾನೆ. ಕಾಲು ಮುಟ್ಟಲು ಬಾಗಿದ ಅವನ ಬೋಳು ನೆತ್ತಿ ಕೃಷ್ಣಾಜಿಯ ಕಣ್ಣ ಮುಂದಿನಿಂದ ಸರಿಯಲೊಲ್ಲದು. 

ಡಾಕ್ಟರು ಗಿಡ್ಡನೆಯ, ಬೇಸತ್ತ ಮನುಷ್ಯ. ಹಲ್ಲು ನೋಡಿದ, ಕೆಮ್ಮು ಅಂದ, ಗೋಡೆಯ ಅಕ್ಷರ ಓದಿಸಿದ. "ಕಣ್ಣು ಮುಚ್ರಿ," ಎಂದು ಕುರ್ಚಿಯ ಹಿಂದೆ ಹೋದ. ಬಲಗಿವಿಗೆ ಗಡಿಯಾರದ ಟಿಕ್ ಟಿಕ್ ಬಂತು. "ಕೇಳಸ್ತದ್ರಿ," ಎಂದ ಕೃಷ್ಣಾಜಿ. ಆಮೇಲೆ ಡಾಕ್ಟರ ತೋಳಿನ ಸಾಬೂನಿನ ವಾಸನೆ ಎಡಕ್ಕೆ ಬಂದು ನಿಂತಿತು. ಸದ್ದಿಲ್ಲ. ಎಡಗಡೆ ಬಾವಿಯ ಹಾಗೆ ನಿಶ್ಶಬ್ದ.  ಕೃಷ್ಣಾಜಿ ನಾಲಗೆಯ ತುದಿಗೆ ಬಂದಿದ್ದ ಹೂಂ ಅನ್ನು ನುಂಗಿ, "ಇಲ್ಲರಿ," ಎಂದ. ತನ್ನ ದನಿಯೇ ತನಗೆ ಗುರುತು ಸಿಗಲಿಲ್ಲ. "ಏನೂ ಕೇಳಸೂದಿಲ್ಲರಿ."

ಡಾಕ್ಟರು ಎದುರಿಗೆ ಬಂದು ಖೊಳ್ ಎಂದು ನಕ್ಕ. ಅಂಗೈ ಬಿಚ್ಚಿ ತೋರಿಸಿದ. ಖಾಲಿ. ಗಡಿಯಾರ ಕೋಟಿನ ಕಿಸೆಯಲ್ಲಿತ್ತು. "ಮುಂಜಾನಿಂದ ಇಪ್ಪತ್ತು ಮಂದಿ ನೋಡೀನಿ. ಖಾಲಿ ಕೈ ಹಿಡದ್ರ ಇಪ್ಪತ್ತೂ ಮಂದಿ ಛಲೋ ಕೇಳಸ್ತದ ಅಂದ್ರು! ಖರೆ ಹೇಳಿದ ಮನುಷ್ಯಾ ಅಂದ್ರ ನೀವು," ಎಂದು ಕಾಗದದ ಮೇಲೆ ಬರೆಯತೊಡಗಿದ.

"ಸಾಹೇಬ್ರ, ನನಗ ಖರೇನೇ ಕೇಳಸಲಿಲ್ಲರಿ," ಎಂದ ಕೃಷ್ಣಾಜಿ.

"ಅದನ್ನ ನಾನೂ ಹೇಳ್ಲಿಕ್ಕೆ ಹತ್ತೀನಿ. ಕೇಳಸಬಾರದಿತ್ತು, ಕೇಳಸಲಿಲ್ಲ."

"ಹಂಗಲ್ಲರಿ, ಗಡಿಯಾರ ಇದ್ರೂ..."

"ಬಸ್, ಬಸ್. ಪ್ರಾಮಾಣಿಕರಿದ್ದೀರಿ ಅಂತ ಗೊತ್ತಾತು. ಹೊರಗ ಇನ್ನೂ ಇಪ್ಪತ್ತು ಮಂದಿ ನಿಂತಾರ." ಠಸ್ಸೆ ಹೊಡೆದು ಕಾಗದ ಕೈಗಿತ್ತ. ಎರಡೂ ಕಿವಿ ಉತ್ತಮ ಎಂದು ಇಂಗ್ರಜಿಯಲ್ಲಿ ಬರೆದಿತ್ತು, ಕೆಳಗೆ ಸಹಿ. ಕೃಷ್ಣಾಜಿ ಬಾಗಿಲ ಹತ್ತಿರ ಹೋಗುವಾಗ ಡಾಕ್ಟರು ಅವನ ಎಡಕ್ಕೆ ನಿಂತು ಏನೋ ಅಂದ. ಕೃಷ್ಣಾಜಿ ನಿಂತ. ತಿರುಗಿ, ಬಲಗಿವಿಯನ್ನು ಅವನ ಕಡೆಗೆ ಮಾಡಿ, "ಏನಂದ್ರಿ?" ಎಂದು ಕೇಳಿದ. "ಮುಂದಿನವರನ್ನ ಕಳಸ್ರಿ ಅಂದೆ," ಎಂದ ಡಾಕ್ಟರು, ಆಗಲೇ ಬೇರೆ ಕಾಗದ ನೋಡುತ್ತ.

ಹೊರಗೆ ಬಿಸಿಲು ಚುರುಗುಡುತ್ತಿತ್ತು. ವತ್ಸಲಾಬಾಯಿ ಅವನನ್ನು ಕಂಡವಳೇ ಗಂಟು ಬಿಟ್ಟು ಎದ್ದು ಓಡಿಬಂದಳು. ಗಾಬರಿಯಲ್ಲಿ ಅವಳಿಗೆ ಎಡ ಬಲದ ನೆನಪಿರಲಿಲ್ಲ. ಎಡಗಡೆ ಬಂದು, ಅವನ ತೋಳು ಹಿಡಿದು, ತುಟಿ ಅಲುಗಿಸುತ್ತ ಏನೇನೋ ಕೇಳಿದಳು. ಕೃಷ್ಣಾಜಿಗೆ ಹೂಂ ಅನ್ನುವುದು ಅಭ್ಯಾಸ. ಅನ್ನಲಿಲ್ಲ. ಠಸ್ಸೆ ಹೊಡೆದ ಕಾಗದ ಅವಳ ಕೈಗೆ ಕೊಟ್ಟು, ತಾನೇ ಅವಳ ಹಿಂದಿನಿಂದ ಸುತ್ತು ಹಾಕಿ ಬಂದು ಅವಳ ಎಡಕ್ಕೆ ನಿಂತ.

"ಇನ್ನೊಮ್ಮೆ ಹೇಳು," ಎಂದ. "ಆ ಕಡೆ ಕಿವಿ ಮಯತ. ಈ ಕಡೇದು ಹಯಾತ ಅದ."